ಒಳಗಿನಿಂದ ತೆರೆಯುವ ಬಾಗಿಲು



ಮನೆ ಆಶೀರ್ವಾದಕ್ಕೆ ಕರೆದಾಗ ನಮ್ಮ ಜನ ಮೊದಲು ತೋರಿಸುವುದು ಮುಂಬಾಗಿಲನ್ನು. ತೇಗದ ಮರ, ಮೇಲೆ ಕೆತ್ತಿದ ಶಿಲುಬೆ, ದ್ರಾಕ್ಷಿಯ ಗೊಂಚಲು, ಹಿತ್ತಾಳೆಯ ಹಿಡಿಕೆ. ಸಾಲ ಮಾಡಿಯಾದರೂ ಮುಂಬಾಗಿಲು ಚೆಂದವಿರಬೇಕು ಎಂಬುದು ನಮ್ಮಲ್ಲಿ ರೂಢಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆ, ಹಾಸ್ಟೆಲು, ಸಮುದಾಯ ಭವನ ಮುಂತಾದ ಕಟ್ಟಡಗಳಿಗೆ ಬಾಗಿಲು ಆರಿಸುವಾಗ ನೋಡಬೇಕಾದ ಸಂಗತಿಗಳೇ ಬೇರೆ. ಆದೋನಿ ಸೀಮೆಯಲ್ಲಿ ಹೆಣ್ಣುಮಕ್ಕಳ ಒಂದು ವಸತಿ ನಿಲಯಕ್ಕೆ ಬಾಗಿಲು ಹಾಕಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಆಗ ತಿಳಿದುಕೊಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ನಮ್ಮ ಧರ್ಮಕೇಂದ್ರಗಳಲ್ಲಿ ಎಲ್ಲಾದರೂ ಒಂದು ಕಡೆ ಕಟ್ಟಡದ ಕೆಲಸ ನಡೆದೇ ಇರುತ್ತದೆ, ಯಾರಿಗಾದರೂ ಉಪಯೋಗವಾದೀತು.

ಕರ್ನಾಟಕದ ಓದುಗರಿಗೆ ಆದೋನಿ ಎಂದರೆ ಹತ್ತಿಯ ಪೇಟೆ, ಮಂತ್ರಾಲಯಕ್ಕೆ ಹತ್ತಿರದ ಊರು, ಅಷ್ಟೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಗುವವರೆಗೆ ಆದೋನಿ ಮತ್ತು ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು; ಆಮೇಲೆ ಕರ್ನೂಲಿಗೆ ಸೇರಿದವು. ಕೌತಾಳ, ಕೋಸಗಿ, ಹೊಳಗುಂದ, ಹಾಲಹರವಿ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಕನ್ನಡದಲ್ಲೇ ಅಡುಗೆ, ಕನ್ನಡದಲ್ಲೇ ಜಗಳ. ಮಳೆ ಕಡಿಮೆ. ಸುಗ್ಗಿ ಮುಗಿದ ಮೇಲೆ ಊರಲ್ಲಿ ಕೂಲಿ ಇರುವುದಿಲ್ಲ. ಆಗ ಗಂಡ ಹೆಂಡತಿ ಇಬ್ಬರೂ ಗಂಟುಮೂಟೆ ಕಟ್ಟಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಕೂಸುಗಳನ್ನು ಜೊತೆಗೆ ಕರೆದೊಯ್ದರೆ ಶಾಲೆ ತಪ್ಪುತ್ತದೆ, ಬಿಟ್ಟು ಹೋದರೆ ಮುದುಕರ ಕೈಯಲ್ಲಿ ಬಿಡಬೇಕು. ಅದರಲ್ಲೂ ಬೆಳೆದ ಹೆಣ್ಣುಮಗಳನ್ನು ಯಾರ ನಂಬಿಕೆಯ ಮೇಲೆ ಬಿಡುವುದು? ಅಂಥ ಮಕ್ಕಳಿಗಾಗಿ ಸಿಸ್ಟರುಗಳ ಉಸ್ತುವಾರಿಯಲ್ಲಿ ಎರಡು ಅಂತಸ್ತಿನ ನಿಲಯ ಎದ್ದಿತು. ಗೋಡೆ ಎದ್ದಾಯಿತು, ಚಾವಣಿ ಬಿದ್ದಾಯಿತು, ಬಾಗಿಲಿನ ಮಾತು ಬಂತು.

ನಮ್ಮ ಪಾಲನಾ ಸಮಿತಿಯಲ್ಲಿ ಮೊದಲು ಮರದ ಬಾಗಿಲೇ ಆಗಲಿ ಎಂದರು. ಆದರೆ ಈ ಕಡೆ ಗೆದ್ದಲು ಹೇಗೆಂದರೆ, ದೇವಾಲಯದ ಹಳೆಯ ಸಕ್ರಿಸ್ತಿಯ ಚೌಕಟ್ಟನ್ನು ಬೆರಳಿನಿಂದ ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಒಳ್ಳೆಯ ತೇಗಕ್ಕೆ ದುಡ್ಡಿಲ್ಲ, ಕೆಟ್ಟ ಮರ ಬೇಸಿಗೆಗೆ ಸೊಟ್ಟಗಾಗಿ ಮಳೆಗಾಲಕ್ಕೆ ಉಬ್ಬುತ್ತದೆ. ಹಾಗಾಗಿ ಆಸ್ಪತ್ರೆ, ಕಾರ್ಖಾನೆ, ದೊಡ್ಡ ಶಾಲೆಗಳಲ್ಲಿ ಬಳಸುವ ಉಕ್ಕಿನ ತಗಡಿನ ಬಾಗಿಲೇ ಸರಿ ಎಂದಾಯಿತು. ಹಾಲೋ ಮೆಟಲ್ ಬಾಗಿಲು ಎನ್ನುತ್ತಾರೆ. ಕನ್ನಡದಲ್ಲಿ ಪೊಳ್ಳು ಬಾಗಿಲು. ಆ ಹೆಸರು ಹೇಳಿದೊಡನೆ ಸಮಿತಿಯ ಹಿರಿಯರೊಬ್ಬರು, "ಪೊಳ್ಳು ಬಾಗಿಲಿಗೆ ಇಷ್ಟು ದುಡ್ಡೇನ್ರಿ ಫಾದರ್?" ಎಂದು ನಕ್ಕರು.

ಸೆಮಿನರಿಯಲ್ಲಿ ನಮಗೆ ತತ್ವಶಾಸ್ತ್ರ, ದೈವಶಾಸ್ತ್ರ, ಕ್ಯಾನನ್ ಕಾನೂನು ಎಲ್ಲವನ್ನೂ ಕಲಿಸಿದರು. ತಗಡಿನ ಗೇಜು ಕಲಿಸಲಿಲ್ಲ. ಆದರೆ ಒಂದು ಸಂಗತಿ ನೆನಪಾಯಿತು. ಹಿಂದೆ ಗುರುದೀಕ್ಷೆಗೆ ಮುಂಚಿನ ಕಿರಿಯ ದೀಕ್ಷೆಗಳಲ್ಲಿ ದ್ವಾರಪಾಲಕನ ದೀಕ್ಷೆಯೂ ಒಂದಾಗಿತ್ತು. ಅಭ್ಯರ್ಥಿಯ ಕೈಗೆ ದೇವಾಲಯದ ಬೀಗದ ಕೈ ಮುಟ್ಟಿಸಿ, ಬಾಗಿಲು ತೆಗೆದು ಹಾಕಿಸಿ, ಗಂಟೆ ಬಾರಿಸಲು ಹೇಳುತ್ತಿದ್ದರು. 1972ರಲ್ಲಿ ಪೋಪ್ ಆರನೇ ಪೌಲರು ಅದನ್ನು ಕೈಬಿಟ್ಟರು. ದೀಕ್ಷೆ ಹೋದರೂ ಕೆಲಸ ಹೋಗಲಿಲ್ಲ ಎಂಬುದು ಧರ್ಮಕೇಂದ್ರ ನಡೆಸುವ ಎಲ್ಲ ಗುರುಗಳಿಗೂ ಗೊತ್ತು.

ಈಗ ಬಾಗಿಲಿನ ವಿಷಯಕ್ಕೆ ಬರೋಣ. ಎರಡು ಕಡೆ ಉಕ್ಕಿನ ತಗಡು, ನಡುವೆ ಒಂದು ತಿರುಳು, ಒಟ್ಟು ದಪ್ಪ ಸುಮಾರು 45 ಮಿಲಿಮೀಟರ್. ಬಣ್ಣ ಬಳಿದ ಮೇಲೆ ಒಳ್ಳೆಯದು ಕೆಟ್ಟದ್ದು ಎರಡೂ ಒಂದೇ ಥರ ಕಾಣುತ್ತವೆ. ಅಂತರವೆಲ್ಲ ಕಣ್ಣಿಗೆ ಬೀಳದ ಕಡೆ ಇರುತ್ತದೆ. ಮೊದಲನೆಯದು ತಗಡಿನ ದಪ್ಪ. ಕೆಲಸದವರು ಗೇಜಿನಲ್ಲಿ ಹೇಳುತ್ತಾರೆ, ಅಂಕಿ ದೊಡ್ಡದಾದಷ್ಟೂ ತಗಡು ತೆಳು. 20 ಗೇಜು ಎಂದರೆ ಸುಮಾರು 0.9 ಮಿ.ಮೀ., 18 ಎಂದರೆ 1.2, 16 ಎಂದರೆ 1.5. ದಿನಕ್ಕೆ ನೂರಾರು ಸಲ ಮಕ್ಕಳು ತಳ್ಳುವ, ಒದೆಯುವ, ಜೋತು ಬೀಳುವ ಬಾಗಿಲಿಗೆ 1.2ಕ್ಕಿಂತ ತೆಳು ಬೇಡ. ಗೇಜಿನ ಲೆಕ್ಕ ಎಲ್ಲ ಕಡೆಯೂ ಒಂದೇ ಅಲ್ಲದ್ದರಿಂದ ಬರವಣಿಗೆಯಲ್ಲಿ ಮಿಲಿಮೀಟರ್ ಕೇಳುವುದು ಮೇಲು.

ಒಬ್ಬ ತಯಾರಕರು ಮಾದರಿ ಬಾಗಿಲು ಕಳಿಸಿದರು. ಕಾಗದದಲ್ಲಿ 1.2 ಮಿ.ಮೀ. ಎಂದಿತ್ತು. ಬೆರಳಿನಿಂದ ತಟ್ಟಿದರೆ ಎಣ್ಣೆ ಡಬ್ಬದ ಸದ್ದು. ನಮ್ಮ ಮೇಸ್ತ್ರಿ ಹೆಚ್ಚು ಮಾತಾಡುವವರಲ್ಲ. "ತೂಗಿಸಿಬಿಡೋಣ್ರಿ" ಎಂದರು. ಹತ್ತಿ ಪೇಟೆಯ ಊರಲ್ಲಿ ತಕ್ಕಡಿಗೆ ಬರವೇ? 1 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಉಕ್ಕಿನ ತಗಡು 7.85 ಕಿಲೋ ತೂಗುತ್ತದೆ. ಒಂದು ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲಿಗೆ ಎರಡು ಮೈ ಸೇರಿ 4.2 ಚದರ ಮೀಟರ್. 1.2 ಮಿ.ಮೀ. ಆದರೆ ತಗಡೊಂದೇ ಸುಮಾರು 40 ಕಿಲೋ ಆಗಬೇಕು, 0.8 ಆದರೆ 26. ಆ ಬಾಗಿಲು ತಿರುಳು, ತಿರುಗಣಿ, ಬೀಗ ಎಲ್ಲ ಸೇರಿ 33 ಕಿಲೋ ತೂಗಿತು. ವಾಪಸ್ಸು ಕಳಿಸಿದೆವು. ಆಮೇಲೆ ಬೇರೊಬ್ಬರ ಹತ್ತಿರ ಹೋದಾಗ ನಾವು ಕೇಳಿದ್ದು ಒಂದೇ: ತಿರುಗಣಿ ಇರುವ ಒಂದು ಮೂಲೆಯನ್ನು ಕತ್ತರಿಸಿ ಒಳಗನ್ನು ತೋರಿಸಿ. ಅವರು ಮುಖ ಸಿಂಡರಿಸಿದರು, ಆದರೆ ತೋರಿಸಿದರು.

ಕತ್ತರಿಸಿದ ತುಂಡಿನಲ್ಲಿ ನೋಡಬೇಕಾದದ್ದು ತಿರುಗಣಿಯ ಹಿಂದೆ ಏನಿದೆ ಎಂಬುದು. ತೆಳು ತಗಡಿಗೆ ನೇರವಾಗಿ ಸ್ಕ್ರೂ ಹೊಡೆದರೆ ಎರಡು ವರ್ಷದಲ್ಲಿ ತೂತು ಅಗಲವಾಗಿ ಬಾಗಿಲು ಜೋಲುತ್ತದೆ, ನೆಲ ಉಜ್ಜುತ್ತದೆ, ಆಮೇಲೆ ಯಾರೂ ಅದನ್ನು ಪೂರ್ತಿ ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ. ಆದ್ದರಿಂದ ತಿರುಗಣಿಯ ಹಿಂದೆ ಕನಿಷ್ಠ 3 ಮಿ.ಮೀ. ದಪ್ಪದ ಪಟ್ಟಿಯನ್ನು ಒಳಗಡೆ ವೆಲ್ಡ್ ಮಾಡಿ ಅದಕ್ಕೆ ಮರೆ ಕೊರೆದಿರಬೇಕು. ಬೀಗ ಕೂರುವಲ್ಲಿ, ಬಾಗಿಲನ್ನು ತಾನಾಗಿ ಮುಚ್ಚಿಸುವ ಕ್ಲೋಸರ್ ಕೂರುವಲ್ಲಿಯೂ ಹೀಗೆಯೇ. ಇದನ್ನು ತಯಾರಿಸುವಾಗಲೇ ಹಾಕಬೇಕು. ಬಾಗಿಲು ಮುಚ್ಚಿದ ಪೆಟ್ಟಿಗೆಯಾದ ಮೇಲೆ ಒಳಗೆ ಕೈ ಹೋಗುವುದಿಲ್ಲ. ಅಂದರೆ ಯಾವ ಬಾಗಿಲಿಗೆ ಯಾವ ಬೀಗ, ಯಾವ ಹಿಡಿಕೆ ಎಂಬುದನ್ನು ಆರ್ಡರ್ ಕೊಡುವ ಮೊದಲೇ ತೀರ್ಮಾನಿಸಬೇಕು. ನಮ್ಮಲ್ಲಿ ಅದನ್ನು ಕಟ್ಟಡದ ಉದ್ಘಾಟನೆಯ ಹಿಂದಿನ ದಿನ ಅಂಗಡಿಗೆ ಹೋಗಿ ತೀರ್ಮಾನಿಸುವುದು ವಾಡಿಕೆ!

ತಿರುಳಿನಲ್ಲಿ ನಾಲ್ಕೈದು ಬಗೆ. ಜೇನುಗೂಡಿನಂತೆ ಮಡಿಸಿದ ಗಟ್ಟಿ ಕಾಗದ ಅಗ್ಗ, ಒಳಕೋಣೆಗಳಿಗೆ ಸಾಕು. ಥರ್ಮೊಕೋಲ್ ಹಗುರ, ಬಿಸಿಲು ತಡೆಯುತ್ತದೆ, ಆದರೆ ನೂರು ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಅಡುಗೆಮನೆ ಕಡೆಗೆ ಅದು ಬೇಡವೇ ಬೇಡ. ಪಾಲಿಯುರಿಥೇನ್ ನೊರೆ ಬಿಸಿಲಿಗೆ ಇನ್ನೂ ಒಳ್ಳೆಯದು. ಗಟ್ಟಿತನ ಬೇಕಾದರೆ ಒಳಗೆ ಮೇಲಿಂದ ಕೆಳಗೆ ಉಕ್ಕಿನ ಪಕ್ಕೆಲುಬುಗಳನ್ನು ನಿಲ್ಲಿಸಿ ನಡುವೆ ರಾಕ್ ವೂಲ್ ತುಂಬುತ್ತಾರೆ. ಬಸಾಲ್ಟ್ ಕಲ್ಲನ್ನು ಕರಗಿಸಿ ಹತ್ತಿಯಂತೆ ನೂತದ್ದು ಅದು, ಬೆಂಕಿಗೆ ಜಗ್ಗುವುದಿಲ್ಲ. ನಾವು ಮಲಗುವ ಕೋಣೆಗಳಿಗೆ ಕಾಗದದ ತಿರುಳು, ಪಡುವಣ ಬಿಸಿಲು ಹೊಡೆಯುವ ಎರಡು ಬಾಗಿಲಿಗೆ ನೊರೆ, ಮೆಟ್ಟಿಲು ಮತ್ತು ಅಡುಗೆಮನೆಯ ಬಾಗಿಲುಗಳಿಗೆ ರಾಕ್ ವೂಲ್ ಆರಿಸಿದೆವು. ಆ ಕೊನೆಯವು ಐ.ಎಸ್. 3614 ಮಾನದಂಡದ ಅಗ್ನಿನಿರೋಧಕ ಬಾಗಿಲುಗಳು. ಅವನ್ನು ಚೌಕಟ್ಟು, ತಿರುಗಣಿ, ಬೀಗ ಎಲ್ಲ ಸೇರಿಸಿ ಒಂದೇ ಘಟಕವಾಗಿ ಬೆಂಕಿಗೆ ಒಡ್ಡಿ ಪರೀಕ್ಷಿಸುತ್ತಾರೆ. ಆಮೇಲೆ ನಾವು ನಮಗೆ ಬೇಕಾದ ಕಡೆ ತೂತು ಕೊರೆದು ಅಲ್‌ಡ್ರಾಪ್ ಹಾಕಿದರೆ ಆ ಪರೀಕ್ಷೆಗೆ ಅರ್ಥವಿಲ್ಲ.

ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ಹೊಸದೇನಲ್ಲ. ಗಾಢ ಬಣ್ಣದ ಉಕ್ಕಿನ ಬಾಗಿಲು ಬಿಸಿಲಲ್ಲಿ ಕೈ ಇಡಲಾರದಷ್ಟು ಕಾಯುತ್ತದೆ. 2.1 ಮೀಟರ್ ಬಾಗಿಲು 40 ಡಿಗ್ರಿ ಹೆಚ್ಚು ಕಾದರೆ ಸುಮಾರು 1 ಮಿ.ಮೀ. ಉದ್ದವಾಗುತ್ತದೆ; ಹೊರಮೈ ಮಾತ್ರ ಕಾದರೆ ಬಿಲ್ಲಿನಂತೆ ಬಾಗುತ್ತದೆ. ಅದಕ್ಕೆ ಸುತ್ತ 3 ಮಿ.ಮೀ. ಸಂದು, ತಿಳಿ ಬಣ್ಣ. ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಲು ಸಿಸ್ಟರು ಹಟ ಹಿಡಿದರು. ಕಾರಣ ಚೇಳು. ಇದು ಯಾವ ಕೈಪಿಡಿಯಲ್ಲೂ ಇರಲಿಲ್ಲ.

ತುಕ್ಕಿನ ವಿಷಯ ಚುಟುಕಾಗಿ ಹೇಳುತ್ತೇನೆ. ಸತು ಲೇಪಿಸಿದ ತಗಡೇ ಇರಲಿ; ಗೀರು ಬಿದ್ದ ಕಡೆಯೂ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ. ಆದರೆ ವೆಲ್ಡ್ ಮಾಡಿದ ಕಡೆ ಸತು ಸುಟ್ಟುಹೋಗಿರುತ್ತದೆ, ಅಲ್ಲಿಗೆ ಸತುವಿನ ಪ್ರೈಮರ್ ಬಳಿಯಬೇಕು. ಮಳೆಗೆ ಒಡ್ಡಿಕೊಂಡ ಬಾಗಿಲಿನ ನೆತ್ತಿಯನ್ನು ಕುರ್ಚಿ ಹಾಕಿ ಹತ್ತಿ ನೋಡಿ. ಅಲ್ಲಿ ಕಾಲುವೆಯಂತೆ ತೆರೆದಿದ್ದರೆ ನೀರು ನಿಂತು ಒಳಗಿಂದಲೇ ತಿನ್ನುತ್ತದೆ. ಮೇಲೆ ಪಟ್ಟಿ ಮುಚ್ಚಿಸಬೇಕು.

ಚೌಕಟ್ಟಿನದು ಅದಕ್ಕಿಂತ ಮುಖ್ಯ. ಎಂಥ ಬಾಗಿಲಾದರೂ ಸೊಟ್ಟ ಚೌಕಟ್ಟಿಗೆ ಹೊಂದುವುದಿಲ್ಲ. 1.6 ಮಿ.ಮೀ. ತಗಡನ್ನು ಒತ್ತಿ ಮಡಿಸಿದ ಚೌಕಟ್ಟು ತಂದೆವು. ಅದನ್ನು ಗೋಡೆಗೆ ಕಚ್ಚಿಸುವ ಹೋಲ್ಡ್‌ಫಾಸ್ಟ್ ಎರಡು ಪಕ್ಕಕ್ಕೂ ಮೂರು ಮೂರು. ಹಿಂದಿನ ಪೊಳ್ಳಿಗೆ ಸಿಮೆಂಟು ಗಾರೆ ತುಂಬಿಸಿದೆವು. ತುಂಬುವಾಗ ಕಂಬಗಳು ಒಳಕ್ಕೆ ಬಾಗದಂತೆ ಬುಡದಲ್ಲಿಯೂ ನಡುವಿನಲ್ಲಿಯೂ ಅಡ್ಡಪಟ್ಟಿ ಕೊಟ್ಟು ನಿಲ್ಲಿಸಬೇಕು. ನಮ್ಮ ವೆಲ್ಡರ್ ಭಾಯಿ ಆ ಪಟ್ಟಿಯನ್ನು ಒಂದು ವಾರ ಯಾರಿಗೂ ಮುಟ್ಟಗೊಡಲಿಲ್ಲ. "ಫಾದರ್ ಸಾಬ್, ಈಗ ಅರ್ಧ ಇಂಚು ಬಾಗಿದ್ರೆ ನೀವು ಇರೋವರೆಗೂ ನನ್ನ ಬೈತೀರಿ" ಎಂದರು.

ಇಷ್ಟೆಲ್ಲ ಆಗುವಾಗ ಸಮಿತಿಯಲ್ಲಿ ಲೆಕ್ಕ ಮೀರುತ್ತಿತ್ತು. ನಿಲಯದ ಮುಂದೆ ಗ್ರಾನೈಟ್ ಆರ್ಚು, ಅದರ ಮೇಲೆ ಸಂತ ಜೋಸೆಫರ ಪ್ರತಿಮೆ ಎಂದು ಯೋಜನೆ ಇತ್ತು, ದಾನಿಗಳ ಹೆಸರಿನ ಫಲಕವೂ ಅದರಲ್ಲಿತ್ತು. ಬಾಗಿಲಿಗೆ ಹಾಕಿದ ದುಡ್ಡು ಯಾರಿಗೂ ಕಾಣುವುದಿಲ್ಲ, ಆರ್ಚು ರಸ್ತೆಯಿಂದಲೇ ಕಾಣುತ್ತದೆ. ಎರಡು ಭಾನುವಾರ ಚರ್ಚೆಯಾಗಿ ಆರ್ಚನ್ನು ಕೈಬಿಟ್ಟೆವು. ಸಂತ ಜೋಸೆಫರು ಈಗ ಬೇವಿನ ಮರದ ಕೆಳಗೆ ಇದ್ದಾರೆ. ಬಡಗಿಯಾಗಿದ್ದವರು, ಬಾಗಿಲಿನ ಖರ್ಚಿಗೆ ಅವರೇನೂ ಬೇಸರಪಟ್ಟುಕೊಳ್ಳಲಾರರು ಎಂದುಕೊಂಡೆ.

ನಿಜವಾದ ಜಗಳ ನಡೆದದ್ದು ಬೀಗದ ಮೇಲೆ. ದಾಖಲಾತಿಗೆ ಮುಂಚೆ ತಾಯಂದಿರನ್ನು ಕಟ್ಟಡ ತೋರಿಸಲು ಕರೆದಿದ್ದೆವು. ಹಿಂಬದಿಯ ಮೆಟ್ಟಿಲ ಬಾಗಿಲಿಗೆ ಹೊರಗಿನಿಂದ ಚಿಲಕವಿಲ್ಲ, ಬೀಗ ಹಾಕುವ ಕೊಂಡಿಯಿಲ್ಲ ಎಂದು ಅವರಿಗೆ ಕೂಡಲೇ ಕಂಡಿತು. ಕೋಸಗಿ ಕಡೆಯ ಒಬ್ಬ ತಾಯಿ ನೇರವಾಗಿ ಕೇಳಿದರು:

"ಫಾದರ್, ನಾವು ಗುಂಟೂರಾಗ ಇರ್ತೀವಿ. ರಾತ್ರಿ ಕಣ್ಣು ಮುಚ್ಚಿದ್ರ ಹುಡುಗೀನ ಕಾಣ್ತೈತಿ. ಹೊರಗಿಂದ ಬೀಗ ಜಡಿದು ಕೈ ಸಿಸ್ಟರಮ್ಮನ ಸೊಂಟದಾಗ ಇದ್ರ ನಮಗ ನಿದ್ದಿ ಬರ್ತೈತಿ."

"ಬೆಂಕಿ ಬಿದ್ದರೆ ಏನು ಮಾಡೋದವ್ವಾ?" ಎಂದೆ.

"ಬೆಂಕಿ ಎಂದೋ ಒಂದಿನ ಬೀಳ್ತೈತಿ ಫಾದರ್. ಕೆಟ್ಟ ಮಂದಿ ದಿನಾ ಅದಾರ."

ಆಕೆಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನಮ್ಮ ದೇಶದ ಎಷ್ಟೋ ಹಾಸ್ಟೆಲುಗಳಲ್ಲಿ ರಾತ್ರಿ ಹೊರಗಿನಿಂದ ಬೀಗ ಬೀಳುವುದು ಈ ಭಯದಿಂದಲೇ; ಕೆಟ್ಟ ಮನಸ್ಸಿನಿಂದಲ್ಲ. ಆದರೆ ನನಗೆ ಗೊತ್ತಿದ್ದ ಒಂದೆರಡು ಸಂಗತಿಗಳನ್ನು ಅವರಿಗೆ ಹೇಳಲೇಬೇಕಾಯಿತು.

1958ರ ಡಿಸೆಂಬರ್ 1. ಅಮೆರಿಕದ ಶಿಕಾಗೊ ನಗರದಲ್ಲಿ ದೇವದೂತರ ಮಾತೆಯ ಹೆಸರಿನ ಧರ್ಮಕೇಂದ್ರದ ಶಾಲೆ. ನಮ್ಮಂಥದೇ ಒಂದು ಕಥೋಲಿಕ ಶಾಲೆ, ಸಿಸ್ಟರುಗಳು ಪಾಠ ಹೇಳುತ್ತಿದ್ದರು. ಶಾಲೆ ಬಿಡುವ ಹೊತ್ತಿಗೆ ಸ್ವಲ್ಪ ಮುಂಚೆ ನೆಲಮಾಳಿಗೆಯಲ್ಲಿ, ಒಂದು ಮೆಟ್ಟಿಲಿನ ಬುಡದಲ್ಲಿ ಬೆಂಕಿ ಹೊತ್ತಿತು. ಮೊದಲ ಅಂತಸ್ತಿನಲ್ಲಿ ಆ ಮೆಟ್ಟಿಲಿಗೆ ಬಾಗಿಲಿತ್ತು, ಮುಚ್ಚಿತ್ತು. ಹೊಗೆ ಅಲ್ಲಿಗೆ ನುಗ್ಗಲಿಲ್ಲ. ಎರಡನೆಯ ಅಂತಸ್ತಿನಲ್ಲಿ ಬಾಗಿಲೇ ಇರಲಿಲ್ಲ. ಹೊಗೆ, ಬೆಂಕಿ ಎರಡೂ ನೇರ ಅಲ್ಲಿನ ಓಣಿಗೆ ಏರಿದವು. 92 ಮಕ್ಕಳು, 3 ಮಂದಿ ಸಿಸ್ಟರುಗಳು ಸತ್ತರು. ಅಂದಿನ ಕಾನೂನಿನ ಪ್ರಕಾರ ಆ ಕಟ್ಟಡದಲ್ಲಿ ತಪ್ಪೇನೂ ಇರಲಿಲ್ಲ! ನಮ್ಮ ನೆರೆಯ ಕುಂಭಕೋಣದಲ್ಲಿ 2004ರ ಜುಲೈ 16ರಂದು ಅಡುಗೆಮನೆಯ ಬೆಂಕಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ತೀರಿಹೋದದ್ದು ಹಿರಿಯರಿಗೆ ನೆನಪಿದ್ದೀತು. ಆ ದುರಂತದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 2009ರ ಏಪ್ರಿಲ್‌ನಲ್ಲಿ, ಸುರಕ್ಷಿತ ಶಾಲೆಯೂ ಮಕ್ಕಳ ಶಿಕ್ಷಣದ ಹಕ್ಕಿನೊಳಗೇ ಸೇರಿದೆ ಎಂದಿತು. 2001ರಲ್ಲಿ ಏರವಾಡಿಯಲ್ಲಿ ಸರಪಳಿ ಕಟ್ಟಿದ್ದ 28 ಮಾನಸಿಕ ರೋಗಿಗಳು ಬೆಂಕಿಗೆ ಸಿಕ್ಕಿದರು. ಅವರನ್ನು ಕಟ್ಟಿದವರೂ "ಅವರ ಒಳ್ಳೆಯದಕ್ಕೇ" ಎಂದು ಹೇಳುತ್ತಿದ್ದಿರಬೇಕು.

ಹಾಗಾದರೆ ಹೊರಗಿನಿಂದ ಭದ್ರ, ಒಳಗಿನಿಂದ ಸಲೀಸು ಎಂಬ ಬಾಗಿಲು ಇದೆಯೇ? ಇದೆ, ಅದರ ಹಿಂದೆಯೂ ಒಂದು ಬೆಂಕಿ ಇದೆ. 1903ರ ಡಿಸೆಂಬರ್ 30ರಂದು ಅದೇ ಶಿಕಾಗೊದ ಇರೊಕ್ವಾ ನಾಟಕಶಾಲೆಗೆ ಬೆಂಕಿ ಬಿದ್ದಾಗ ಕೆಲವು ಬಾಗಿಲು ಪರದೆಯ ಹಿಂದೆ ಮರೆಯಾಗಿದ್ದವು, ಕೆಲವಕ್ಕೆ ಜನರಿಗೆ ತೆಗೆಯಲು ತಿಳಿಯದ ಚಿಲಕ. 600ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಮಂದಿ ತಾಯಂದಿರು ಮತ್ತು ಮಕ್ಕಳು. ಅದು ಬೀಗ-ತಿರುಗಣಿ ಮಾರುತ್ತಿದ್ದ ಕಾರ್ಲ್ ಪ್ರಿಂಜ್ಲರ್ ಎಂಬುವರ ಮನಸ್ಸಿಗೆ ನಾಟಿತು. ವಾಸ್ತುಶಿಲ್ಪಿ ಹೆನ್ರಿ ಡ್ಯುಪಾಂಟ್ ಜೊತೆ ಸೇರಿ ಅವರು ಬಾಗಿಲಿಗೆ ಅಡ್ಡಲಾಗಿ ಒಂದು ಪಟ್ಟಿ ಕೂರಿಸಿದರು. ಮೈಯಿಂದ ಒತ್ತಿದರೆ ಸಾಕು, ಚಿಲಕ ಬಿಡುತ್ತದೆ. 1908ರಲ್ಲಿ ಅದು ಮಾರುಕಟ್ಟೆಗೆ ಬಂತು. ಇವತ್ತು ಸಿನಿಮಾ ಮಂದಿರಗಳಲ್ಲಿ ನಾವು ನೋಡುವ ಪ್ಯಾನಿಕ್ ಬಾರ್ ಅದೇ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೊರಹೋಗುವ ಬಾಗಿಲು ಹೊರಕ್ಕೆ ತೆರೆಯಬೇಕು, ಕನಿಷ್ಠ ಒಂದು ಮೀಟರ್ ಅಗಲವಿರಬೇಕು, ಒಳಗಿರುವವರು ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು ಎನ್ನುತ್ತದೆ.

ಹೊರಕ್ಕೆ ತೆರೆಯುವ ಬಾಗಿಲಿನಲ್ಲಿ ಒಂದು ತೊಡಕಿದೆ. ತಿರುಗಣಿಯ ಕಡ್ಡಿ ಹೊರಗಡೆ ಇರುತ್ತದೆ. ಕಳ್ಳ ಅದನ್ನು ಬಡಿದು ಕಳಚಿದರೆ ಬೀಗ ಎಷ್ಟು ಗಟ್ಟಿಯಿದ್ದರೇನು? ಇದನ್ನು ಮೊದಲು ಕೇಳಿದವರು ಎಂಜಿನಿಯರ್ ಅಲ್ಲ, ಕೌತಾಳ ಕಡೆಯ ಇನ್ನೊಬ್ಬ ತಾಯಿ. ಅದಕ್ಕೆ ಕಡ್ಡಿ ಕಳಚಲಾಗದ ತಿರುಗಣಿ ಹಾಕಿಸಿದ್ದೆವು. ಜೊತೆಗೆ ಬಾಗಿಲು ಮುಚ್ಚಿದಾಗ ಚೌಕಟ್ಟಿನೊಳಗೆ ಕೂರುವ ಮೂರು ಉಕ್ಕಿನ ಗೂಟಗಳು. ಚಿಲಕದ ಸಂದಿಗೆ ಹಾರೆ ತೂರಿಸದಂತೆ ಹೊರಗಡೆ ಉದ್ದಕ್ಕೂ ಒಂದು ಪಟ್ಟಿ. ಹೊರಮೈಗೆ ಹಿಡಿಕೆಯೇ ಇಲ್ಲ, ಹಿಡಿದೆಳೆಯಲು ಏನೂ ಸಿಗುವುದಿಲ್ಲ. ಪ್ಯಾನಿಕ್ ಬಾರ್ ಒತ್ತಿದರೆ ಸಿಸ್ಟರ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ, ಹಾಗಾಗಿ ಯಾವ ಹುಡುಗಿಯೂ ಸದ್ದಿಲ್ಲದೆ ಹೊರಗೆ ಜಾರಲಾರಳು. ಕಾಂಪೌಂಡು ಗೋಡೆ ಎತ್ತರಿಸಿದೆವು. ಕಾವಲು ಇರಬೇಕಾದದ್ದು ಅಲ್ಲಿ, ಮಕ್ಕಳು ಮಲಗುವ ಕೋಣೆಯ ಹೊಸ್ತಿಲಲ್ಲಲ್ಲ.

ಯೊವಾನ್ನರ ಶುಭಸಂದೇಶದ 10ನೇ ಅಧ್ಯಾಯವನ್ನೂ ಅವರಿಗೆ ನೆನಪಿಸಿದೆ. ಪ್ರಭು ಯೇಸು ತಮ್ಮನ್ನು ಬಾಗಿಲಿಗೆ ಹೋಲಿಸಿಕೊಳ್ಳುವಾಗ ಕುರಿಗಳು ಒಳಗೆ ಬರುವುದನ್ನು ಮಾತ್ರ ಹೇಳುವುದಿಲ್ಲ, ಹೊರಗೆ ಹೋಗುವುದನ್ನೂ ಹೇಳುತ್ತಾರೆ ಎಂದೆ. ಮೊದಲು ಮಾತಾಡಿದ ತಾಯಿ ಬಿಡಲಿಲ್ಲ: "ಕಳ್ಳನ ಮಾತೂ ಅದೇ ಅಧ್ಯಾಯದಾಗ ಐತಲ್ರಿ ಫಾದರ್?" ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಹೊಳೆಯಲಿಲ್ಲ.

ಆಮೇಲೆ ವೆಲ್ಡರ್ ಭಾಯಿಯನ್ನು ಹೊರಗೆ ನಿಲ್ಲಿಸಿ ಹಾರೆ ಕೊಟ್ಟು, ಮೀಟಿ ತೆಗೆಯಿರಿ ಎಂದೆವು. ಕಾಲು ಗಂಟೆ ಒದ್ದಾಡಿ ಬೆವರು ಒರೆಸಿಕೊಂಡು ಕೈಚೆಲ್ಲಿದರು. ಬಣ್ಣ ಮಾತ್ರ ಕಿತ್ತಿತು. ಒಳಗಿನಿಂದ ಆ ತಾಯಿಯ ಮಗಳೇ ಬಂದಳು, ಮೂರನೇ ತರಗತಿ, ಸಣಕಲು ಹುಡುಗಿ. ಎರಡು ಕೈಯಿಂದ ಒತ್ತಿದಳು. ಚಿಲಕ ಬಿಟ್ಟಿತು, ಆದರೆ ಕ್ಲೋಸರಿನ ಬಿಗಿಯಿಂದ ಬಾಗಿಲು ಅರ್ಧಕ್ಕೇ ನಿಂತಿತು. ಭಾಯಿ ಸ್ಕ್ರೂ ಸಡಿಲಿಸಿದರು. ಎರಡನೆಯ ಸಲ ಬಾಗಿಲು ಪೂರ್ತಿ ತೆರೆದು ಅವಳು ಹೊರಗೆ ಮೆಟ್ಟಿಲ ಮೇಲೆ ನಿಂತಳು. ಅವಳ ತಾಯಿ ಏನೂ ಹೇಳದೆ ಬಾಗಿಲಿನ ಸುತ್ತ ಒಂದು ಸಲ ಕೈಯಾಡಿಸಿ ನೋಡಿದರು. ದಾಖಲಾತಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದರು. ಪೂರ್ತಿ ಒಪ್ಪಿದರೋ ಇಲ್ಲವೋ ತಿಳಿಯದು. ಗುಂಟೂರಿನಿಂದ ವಾರಕ್ಕೆರಡು ಸಲ ಸಿಸ್ಟರಿಗೆ ಫೋನು ಬರುತ್ತದೆ, ಮಾತಿನ ಕೊನೆಗೆ ಹಿಂಬಾಗಿಲಿನ ವಿಚಾರಣೆ ಇದ್ದೇ ಇರುತ್ತದೆ.

ಈಗ ಉಳಿದಿರುವ ತಕರಾರು ಒಂದು ಇಟ್ಟಿಗೆಯದು. ಮೆಟ್ಟಿಲ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದರಿಂದ ಗಾಳಿ ಬರುವುದಿಲ್ಲವೆಂದು ಯಾರೋ ಅದಕ್ಕೆ ಇಟ್ಟಿಗೆ ಕೊಡುತ್ತಾರೆ. ನಾನು ಹೋದಾಗಲೆಲ್ಲ ಅದನ್ನು ತೆಗೆದು ತೋಟಕ್ಕೆ ಎಸೆಯುತ್ತೇನೆ, ಮುಂದಿನ ಸಲ ಅದು ಮತ್ತೆ ಅಲ್ಲೇ ಇರುತ್ತದೆ. ಶಿಕಾಗೊದ ಎರಡನೆಯ ಅಂತಸ್ತಿನ ಕಥೆಯನ್ನು ಮಕ್ಕಳಿಗೆ ಹೆದರಿಕೆಯಾಗದಂತೆ ಹೇಗೆ ಹೇಳುವುದು ಎಂದು ಸಿಸ್ಟರು ಯೋಚಿಸುತ್ತಿದ್ದಾರೆ. ತಿಂಗಳ ಮೊದಲ ಶನಿವಾರ ತಿರುಗಣಿಗಳಿಗೆ ಎಣ್ಣೆ ಬಿಟ್ಟು, ದೀಪ ಆರಿಸಿ, ಎಲ್ಲ ಮಕ್ಕಳನ್ನೂ ಆ ಬಾಗಿಲಿನಿಂದ ಅಂಗಳಕ್ಕೆ ಇಳಿಸುತ್ತೇವೆ.

ಕತ್ತರಿಸಿದ ಬಾಗಿಲಿನ ಆ ಮೂಲೆಯ ತುಂಡು ಧರ್ಮಕೇಂದ್ರದ ಆಫೀಸಿನಲ್ಲಿ ನನ್ನ ಮೇಜಿನ ಪಕ್ಕದಲ್ಲೇ ಇದೆ. ಶಾಲೆಯೋ ಭವನವೋ ಕಟ್ಟಿಸುತ್ತಿರುವವರು ಈ ಕಡೆ ಬಂದರೆ ನೋಡಿಕೊಂಡು ಹೋಗಬಹುದು. ಭಾನುವಾರ ಎರಡನೇ ಪೂಜೆಯ ನಂತರ ಬಂದರೆ ವೆಲ್ಡರ್ ಭಾಯಿಯೂ ಸಿಗುತ್ತಾರೆ, ಹಳೆಯ ಸಮುದಾಯ ಭವನದ ಒಳಕ್ಕೆ ತೆರೆಯುವ ಬಾಗಿಲುಗಳನ್ನು ಈಗ ಒಂದೊಂದಾಗಿ ತಿರುಗಿಸಿ ಕೂರಿಸುತ್ತಿದ್ದಾರೆ.